ಅಪ್ಪನ ಕಣ್ಣೊಳಗಿನ ಬಾಳೆಮರಿ

ನಮ್ಮಪ್ಪ ಯಂಕಪ್ಪನಿಗೆ ಪ್ರಶ್ನೆ ಕೇಳುವ ಚಟ. ಬಸ್ಸು ತಡವಾದರೆ ಉಳಿದವರೆಲ್ಲ ಕಂಡಕ್ಟರನಿಗೆ ಬೈದು ಸುಮ್ಮನಾಗುತ್ತಾರೆ. ಅಪ್ಪ ಮಾತ್ರ ಬಸ್ಸಿನ ಯಾವ ಭಾಗ ಕೆಟ್ಟಿತ್ತು, ಅದರ ಕೆಲಸವೇನು, ಅದಿಲ್ಲದೆ ಬಸ್ಸು ಯಾಕೆ ಓಡುವುದಿಲ್ಲ ಎಂದು ಕೇಳಿ ತಿಳಿದುಕೊಂಡ ಮೇಲೆಯೇ ಟಿಕೆಟು ತೆಗೆಸುತ್ತಾನೆ. ಸಾಕು ಮಾಡಪ್ಪ ಎಂದರೆ ಉತ್ತರ ಅವನ ನಾಲಿಗೆಯ ಮೇಲೇ ಇರುತ್ತದೆ: "ಯಾರ ಹೇಳಿದ್ರೂ ವಿಚಾರ ಮಾಡದ ನಂಬಬ್ಯಾಡ ಅಂತ ಬುದ್ಧನ ಹೇಳ್ಯಾನ. ನೀ ಯಾರವ್ವ ನನಗ ಸುಮ್ಮಿರು ಅನ್ನಾಕಿ?" ನಾನು ಕಲಬುರಗಿಯಲ್ಲಿ ಹೈಸ್ಕೂಲು ಮಕ್ಕಳಿಗೆ ವಿಜ್ಞಾನ ಕಲಿಸುವವಳು. ಪ್ರಶ್ನೆ ಕೇಳಿರಿ, ಪ್ರಶ್ನೆ ಕೇಳಿರಿ ಎಂದು ದಿನವಿಡೀ ಮಕ್ಕಳ ಬೆನ್ನು ಹತ್ತುತ್ತೇನೆ, ಒಬ್ಬರೂ ಬಾಯಿ ಬಿಡುವುದಿಲ್ಲ. ಊರಿಗೆ ಹೋದರೆ ಅಪ್ಪನ ಬಾಯಿ ಮುಚ್ಚಿಸುವುದಾಗುವುದಿಲ್ಲ. ನನ್ನ ಹಣೆಬರಹ.

ಅಪ್ಪನ ಕೆಲಸ ಕಮಲಾಪುರದ ಕೆಂಪು ಬಾಳೆ ತೋಟಗಳಲ್ಲಿ. ನಮ್ಮದೂ ಒಂದು ತುಂಡು ತೋಟವಿದೆ, ಆದರೆ ಊರು ಅವನನ್ನು ಗುರುತಿಸುವುದು ಅದರಿಂದಲ್ಲ. ಯಾವ ಗೊನೆಯನ್ನು ಯಾವಾಗ ಕಡಿಯಬೇಕು ಎಂದು ನೋಡಿ ಹೇಳುವವನು ಅವನು. ಈ ಬಾಳೆ ಎಳೆಯದಿದ್ದಾಗಲೂ ಕೆಂಪು, ಬಲಿತಾಗಲೂ ಕೆಂಪು. ಕಾಯಿಯ ಏಣು ಎಷ್ಟು ತುಂಬಿದೆ, ಕಡುಗೆಂಪು ಎಲ್ಲಿಂದ ತಿಳಿಯಾಗತೊಡಗಿದೆ ಎಂಬುದನ್ನು ಬರೀ ಕಣ್ಣಿನಿಂದ ಹಿಡಿಯಬೇಕು. ಅವಸರ ಮಾಡಿದರೆ ಹಣ್ಣು ಸಪ್ಪೆ, ತಡ ಮಾಡಿದರೆ ದಾರಿಯಲ್ಲೇ ಮೆತ್ತಗಾಗುತ್ತದೆ. ವ್ಯಾಪಾರಿ ಮೈಬೂಬ ಗೊನೆಗಳನ್ನು ಟೆಂಪೋಕ್ಕೆ ಏರಿಸುವುದು ಅಪ್ಪ ಹೂಂ ಅಂದ ಮೇಲೆಯೇ. ವರ್ಷ ಒಂದೂವರೆ ಸಾಕಿದ ಬೆಳೆಯನ್ನು ಜನ ಒಬ್ಬನ ಕಣ್ಣನ್ನು ನಂಬಿ ಬಿಡುತ್ತಾರೆಂದರೆ ಆ ಕಣ್ಣಿಗೆ ಎಷ್ಟು ಜಂಬ ಇರಲಿಕ್ಕಿಲ್ಲ!

ಆ ಕಣ್ಣಿಗೇ ಕುತ್ತು ಬಂತು. ಅಪ್ಪನಿಗೆ ಸಕ್ಕರೆ ಕಾಯಿಲೆ ಗಂಟುಬಿದ್ದು ಬಹಳ ವರ್ಷವಾಗಿತ್ತು. ಗುಳಿಗೆ ನುಂಗುತ್ತಿದ್ದ. ಗುಳಿಗೆ ನುಂಗಿದ್ದೇನಲ್ಲ ಎಂದು ಚಹಾಕ್ಕೆ ಸಕ್ಕರೆಯನ್ನೂ ಹಾಕಿಸಿಕೊಳ್ಳುತ್ತಿದ್ದ. ಹಾವೂ ಸಾಯಬಾರದು, ಕೋಲೂ ಮುರಿಯಬಾರದು. ಒಮ್ಮೆ ಕುಡಗೋಲು ತಾಗಿ ಕಾಲಿಗೆ ಆದ ಗಾಯ ಮಳೆಗಾಲ ಮುಗಿದು ಚಳಿಗಾಲ ಬಂದರೂ ಮಾಯಲಿಲ್ಲ, ಆಗಲೂ ಎಚ್ಚರವಾಗಲಿಲ್ಲ. ಆಮೇಲೆ ಎಡಗಣ್ಣು ಮಸುಕಾಯಿತು. ಚಷ್ಮಾ ಹಳೇದಾತು ಎಂದ, ಹೊಸ ಚಷ್ಮಾ ಮಾಡಿಸಿದೆವು. ಬಿಸಿಲು ಜಾಸ್ತಿ ಎಂದ, ಬಿಸಿಲೂ ಇಳಿಯಿತು. ನಾನು ಅವನನ್ನು ಕಲಬುರಗಿಯ ಸೇಡಂ ರಸ್ತೆಯ ಕಣ್ಣಿನ ದವಾಖಾನೆಗೆ ಎಳೆದುಕೊಂಡು ಹೋಗುವ ಹೊತ್ತಿಗೆ ಎಡಗಣ್ಣಿಗೆ ಎದುರು ಒಬ್ಬ ಮನುಷ್ಯ ನಿಂತಿದ್ದಾನೆ ಎಂಬುದಷ್ಟೇ ತಿಳಿಯುತ್ತಿತ್ತು. ಯಾರು ಎಂಬುದು ತಿಳಿಯುತ್ತಿರಲಿಲ್ಲ. ಅದು ಇನ್ನು ಸುಧಾರಿಸುವುದಿಲ್ಲ ಎಂದರು. ಬಲಗಣ್ಣಿನಲ್ಲೂ ಅದೇ ಶುರುವಾಗಿತ್ತು. ಉಳಿದದ್ದು ಅದೊಂದೇ ಕಣ್ಣು, ಅದು ಹೋದರೆ ಗೊನೆ ನೋಡುವ ಯಂಕಪ್ಪನೂ ಹೋದ ಹಾಗೆ.

ಅಲ್ಲಿಯ ಡಾಕ್ಟರ್ ರಂಜನಾ ನಾನಿರುವ ಜೇವರ್ಗಿ ಕಾಲೋನಿಯವರೇ. ಮನೆಯಲ್ಲಿ ಮರಾಠಿ, ಹೊರಗೆ ಕನ್ನಡ. ತಾಳ್ಮೆ ಬಹಳ, ಅಪ್ಪನಂಥ ರೋಗಿಗೆ ಅದು ಬೇಕೂ ಬೇಕು.

"ಕಾಕಾ, ನಿಮ್ಮ ಕಣ್ಣಿನ ಹಿಂದಿನ ಗ್ವಾಡಿಗೆ ಒಂದು ತೆಳ್ಳನ ಪರದಾ ಅದ" ಎಂದು ಅವರು ಶುರು ಮಾಡಿದರು. "ನೋಡೂದೆಲ್ಲಾ ಅದೇ. ಅದಕ್ಕ ರಕ್ತ ಮುಟ್ಟಸೂ ಸಣ್ಣ ಸಣ್ಣ ನಾಳ ಶುಗರಿನಿಂದ ಮುಚ್ಚಿ ಹೋಗ್ಯಾವ. ಪರದಾದ ಕೆಲವು ಭಾಗ ಉಪವಾಸ ಬಿದ್ದಾವ. ಹಸಿದ ಭಾಗ ಸುಮ್ಮ ಕೂಡಂಗಿಲ್ಲ, ಒಂದು ಪ್ರೋಟೀನ್ ತಯಾರ ಮಾಡಿ ಹೊರಗ ಬಿಡ್ತದ. ನನ್ನ ಕಡೆ ಹೊಸಾ ನಾಳ ಬೆಳೀರಿ, ಜಲ್ದಿ ರಕ್ತ ತರ್ರಿ ಅನ್ನೂ ನಿರೋಪ ಅದು."

"ಪ್ರೋಟೀನ್ ಅಂದ್ರ ತೊಗರಿ ಬ್ಯಾಳ್ಯಾಗ ಇರ್ತದಂತಲ್ಲ, ಅದೇನ್ರಿ ಬಾಯಾರ?"

"ಅದೂ ಪ್ರೋಟೀನೇ, ಇದೂ ಪ್ರೋಟೀನೇ. ಜಾತಿ ಬ್ಯಾರೆ."

"ಕಣ್ಣೊಳಗ ಹೊಕ್ಕರೂ ಜಾತಿ ಬಿಡಲಿಲ್ಲೇನ್ರಿ?"

ರಂಜನಾ ಬಾಯಿಯವರು ಒಂದು ಕ್ಷಣ ತಬ್ಬಿಬ್ಬಾದರು. ಆಮೇಲೆ ನಕ್ಕು, "ತಪ್ಪಾತು ಕಾಕಾ, ಕೆಲಸ ಬ್ಯಾರೆ ಅನ್ನಬೇಕಿತ್ತು" ಎಂದರು. ನಾನು ಅಪ್ಪನ ತೊಡೆ ಚಿವುಟಿದೆ. ಅವನು ಹಲ್ಲು ಕಿಸಿದ.

ಅವರು ಮುಂದೆ ಹೇಳಿದ್ದು ಇಷ್ಟು: ನಿರೋಪ ಹೋಗುತ್ತದೆ, ಹೊಸ ನಾಳ ಬೆಳೆಯುತ್ತವೆ. ಆದರೆ ಅವಸರದಲ್ಲಿ ಬೆಳೆದ ಆ ನಾಳಗಳ ಗೋಡೆ ಬಹಳ ತೆಳು. ಸೋರುತ್ತವೆ, ಪರದೆ ಊದಿಕೊಳ್ಳುತ್ತದೆ. ಒಂದೊಂದು ಸಲ ಒಡೆದು ಕಣ್ಣಿನ ತುಂಬ ರಕ್ತವಾಗುತ್ತದೆ. ಆದ್ದರಿಂದ ಕಣ್ಣಿಗೆ ಸೂಜಿ ಚುಚ್ಚಿ ಒಂದು ಔಷಧ ಬಿಡಬೇಕು. ಆ ಔಷಧವೂ ಪ್ರೋಟೀನೇ. ಅದು ಹೊರಟ ನಿರೋಪವನ್ನು ದಾರಿಯಲ್ಲೇ ಹಿಡಿದು ಕೂಡಿಸಿಕೊಳ್ಳುತ್ತದೆ, ನಾಳಗಳಿಗೆ ಮುಟ್ಟಗೊಡುವುದಿಲ್ಲ. ತಿಂಗಳೊಪ್ಪತ್ತಿನಲ್ಲಿ ಔಷಧ ಕರಗುತ್ತದೆ, ಹಸಿವು ಮಾತ್ರ ಹಾಗೇ ಇರುತ್ತದೆ, ಅದಕ್ಕೇ ತಿಂಗಳು ತಿಂಗಳೂ ಬರಬೇಕು. ಕಣ್ಣಿಗೆ ಸೂಜಿ ಎಂದದ್ದೇ ತಡ, ನಮ್ಮವ್ವ ಶೇವಂತಾ "ಯಪ್ಪಾ, ಸೂಜಿ ಅಂತ ಸೂಜಿ! ಕಣ್ಣಾಗ!" ಎಂದು ಗೋಡೆ ಹಿಡಿದು ಕುಳಿತಳು. ಅಪ್ಪನಿಗೆ ಅಂಜಿಕೆಯೇ ಇಲ್ಲ. ಸೂಜಿ ಎಷ್ಟು ಸಣ್ಣದು, ಕಣ್ಣಿನ ಕರಿಗುಡ್ಡೆಗೆ ಚುಚ್ಚುತ್ತೀರೋ ಬಿಳಿಯ ಭಾಗಕ್ಕೋ, ಬಿಳಿಯ ಭಾಗಕ್ಕೇ ಯಾಕೆ ಎಂದು ಕೇಳುತ್ತಲೇ ಒಳಗೆ ಹೋದ.

ಎರಡನೆಯ ಸೂಜಿ ಮುಗಿದು ಕೆಲವು ದಿನಗಳಿಗೆ ಕಮಲಾಪುರದ ಬಸ್‌ಸ್ಟ್ಯಾಂಡಿನಿಂದ ಫೋನು ಬಂತು. "ಸುಮ್ಮೀ, ಬಸ್ಸಿನ ಬೋರ್ಡ್ ಓದಾಕತ್ತೀನಿ! ಹುಮನಾಬಾದ್ ಅಂತ ಬರದಾರ!" ಸುಮಂಗಲಾ ಎಂಬ ನನ್ನ ಹೆಸರನ್ನು ಅವನು ಖುಷಿಯಾದಾಗ ಮಾತ್ರ ಸುಮ್ಮಿ ಮಾಡುತ್ತಾನೆ. ನಾನು ಸ್ಟಾಫ್ ರೂಮಿನಲ್ಲಿ ಎಲ್ಲರೆದುರಿಗೆ ಅತ್ತುಬಿಟ್ಟೆ.

ಕಣ್ಣು ಬಂತು, ಅದರ ಜೊತೆಗೆ ಪ್ರಶ್ನೆಗಳೂ ಬಂದವು. ಹಸಿವಾಗಿದೆ ಎಂದು ಕಣ್ಣಿಗೆ ಗೊತ್ತಾಗುವುದು ಹೇಗೆ? ಅದಕ್ಕೇನು ಹೊಟ್ಟೆ ಇದೆಯೇ? ನನಗೂ ಗೊತ್ತಿರಲಿಲ್ಲ. ಅಪ್ಪನೆದುರು ‘ಗೊತ್ತಿಲ್ಲ’ ಎನ್ನುವುದು ಟೀಚರಿಗೆ ಆಗುವ ಅಪಮಾನ, ಆದ್ದರಿಂದ ಹುಡುಕಿ ಓದಿದೆ. ಓದುತ್ತ ಓದುತ್ತ ನಾನೇ ಅದರಲ್ಲಿ ಬಿದ್ದೆ. ಬೆಳೆದ ಮನುಷ್ಯನ ದೇಹದಲ್ಲಿ ಹೊಸ ರಕ್ತನಾಳ ಹುಟ್ಟುವುದು ಅಪರೂಪವಂತೆ. ಗಾಯ ಮಾಯುವಾಗ, ಹೆಂಗಸರ ಗರ್ಭಕೋಶದಲ್ಲಿ ತಿಂಗಳು ತಿಂಗಳೂ, ಹೊಟ್ಟೆಯಲ್ಲಿ ಕೂಸು ಬೆಳೆಯುವಾಗ ಹುಟ್ಟುತ್ತವೆ. ಉಳಿದ ಹೊತ್ತಿನಲ್ಲಿ ಬೆಳೆಸುವ ಪ್ರೋಟೀನುಗಳೂ ತಡೆಯುವ ಪ್ರೋಟೀನುಗಳೂ ಒಂದಕ್ಕೊಂದು ಸರಿದೂಗಿಕೊಂಡು ಇರುತ್ತವೆ.

ಎಲ್ಲಕ್ಕಿಂತ ಸೋಜಿಗ ಅನ್ನಿಸಿದ್ದು ಹಸಿವನ್ನು ಅಳೆಯುವ ಪ್ರೋಟೀನು. ಪ್ರತಿ ಜೀವಕೋಶವೂ ಅದನ್ನು ಬಿಡುವಿಲ್ಲದೆ ತಯಾರಿಸುತ್ತದೆ, ಬಿಡುವಿಲ್ಲದೆ ಚೂರು ಮಾಡಿ ಹಾಕುತ್ತದೆ. ಚೂರು ಮಾಡಲು ಆಮ್ಲಜನಕ ಬೇಕು. ಆಮ್ಲಜನಕ ಕಡಿಮೆಯಾದೊಡನೆ ಚೂರಾಗುವುದು ನಿಲ್ಲುತ್ತದೆ, ಪ್ರೋಟೀನು ಉಳಿದುಕೊಳ್ಳುತ್ತದೆ. ನಾಳ ಬೆಳೆಯಲಿ ಎಂಬ ನಿರೋಪ ಹೊರಡುವುದು ಅದರ ಅಪ್ಪಣೆಯಿಂದ.

ರವಿವಾರ ಊರಿಗೆ ಹೋದಾಗ ಇದನ್ನೆಲ್ಲ ಹೇಳಿದೆ. ಅಪ್ಪ ತಲೆ ಕೆರೆದುಕೊಂಡ. "ಅಂದ್ರ ದಿನಾ ರೊಟ್ಟಿ ಬಡದು ದಿನಾ ನಾಯಿಗೆ ಹಾಕಿದಂಗಾತಲ್ಲ. ದಂಡ!"

ರೊಟ್ಟಿ ಬಡಿಯುತ್ತಿದ್ದ ಅವ್ವ ಅಲ್ಲಿಂದಲೇ ಹೇಳಿದಳು: "ದಂಡ ಯಾಕ? ಹೊತ್ತಿಲ್ಲದ ಹೊತ್ತನ್ಯಾಗ ಬೀಗರು ಬಂದ್ರ ರೊಟ್ಟಿ ತಯಾರ ಇರ್ತಾವಲ್ಲ. ಹಿಟ್ಟು ನಾದಕೊಂತ ಕೂಡೂದು ತಪ್ತದ."

ಇಷ್ಟು ಚೆಂದ ನನ್ನ ಪುಸ್ತಕದಲ್ಲೂ ಇರಲಿಲ್ಲ. ಅವ್ವನಿಗೆ ಹಾಗೆ ಹೇಳಿದೆ. "ನಿನ್ನ ಪುಸ್ತಕ ಬರದಾವ ರೊಟ್ಟಿ ಬಡದಿರಂಗಿಲ್ಲ ಬಿಡು" ಎಂದು ಅವಳು ಇನ್ನೊಂದು ರೊಟ್ಟಿಯನ್ನು ಹಂಚಿಗೆ ಹಾಕಿದಳು.

ಮುಂದಿನ ತಪಾಸಣೆಯಲ್ಲಿ ಅಪ್ಪ ರಂಜನಾ ಬಾಯಿಯವರನ್ನೇ ಕಟ್ಟಿಹಾಕಿದ. "ಬಾಯಾರ, ನನ್ನ ಕಾಲಿಗೆ ಗಾಯ ಆದಾಗ ಹೊಸಾ ನಾಳ ಬೇಕಾಗಿದ್ವು, ಅಲ್ಲಿ ಬೆಳೀಲಿಲ್ಲ. ಕಣ್ಣಿಗೆ ಬ್ಯಾಡಾಗಿದ್ವು, ಇಲ್ಲಿ ಬೆಳದು ಕುಂತಾವ. ಅದೇ ಮೈ, ಅದೇ ಶುಗರು. ಇದ್ಯಾವ ನ್ಯಾಯ ಹೇಳ್ರಿ?"

ಅವರು ಪೆನ್ನು ಕೆಳಗಿಟ್ಟರು. "ಈ ಪ್ರಶ್ನಾ ದೊಡ್ಡ ದೊಡ್ಡವರೂ ಕೇಳಾಕತ್ತಾರ ಕಾಕಾ. ಅಷ್ಟಿಷ್ಟು ಗೊತ್ತಾಗ್ಯದ, ಪೂರಾ ಯಾರಿಗೂ ಗೊತ್ತಿಲ್ಲ."

ಯಾರಿಗೂ ಗೊತ್ತಿಲ್ಲದ್ದನ್ನು ತಾನು ಕೇಳಿದೆ ಎಂದು ಅಪ್ಪ ಉಬ್ಬಿಹೋದ. ಆ ಉಬ್ಬಿನಲ್ಲೇ ಬಾಳೆಯ ಮಾತು ತೆಗೆದ. ಬಾಳೆ ಬುಡದಿಂದ ಮರಿಗಳು ಏಳುತ್ತವೆ. ಹಾಗೇ ಬಿಟ್ಟರೆ ತಾಯಿಗಿಡದ ಸತ್ವವನ್ನೆಲ್ಲ ಅವೇ ಹೀರಿಕೊಂಡು ಗೊನೆ ಬಡಕಲಾಗುತ್ತದೆ. ಅದಕ್ಕೇ ಮರಿ ಕಡಿಯುತ್ತ ಇರಬೇಕು, ಕಡಿದರೂ ಮತ್ತೆ ಏಳುತ್ತವೆ, ಮತ್ತೆ ಕಡಿಯಬೇಕು. "ನೀವು ನನ್ನ ಕಣ್ಣಾಗ ಮಾಡಾಕತ್ತದ್ದು ಅದೇ ಅಲ್ರಿ? ಮರಿ ಕಡಿಯೂದು!" ರಂಜನಾ ಬಾಯಿಯವರಿಗೆ ಇದು ಎಷ್ಟು ಹಿಡಿಸಿತೆಂದರೆ ಹೊರಗೆ ಅಳುತ್ತ ಕೂತಿದ್ದ ಒಬ್ಬ ಅಜ್ಜಿಯನ್ನು ಕರೆದು, ಕಾಕಾ ಹೇಳಿದ್ದು ಕೇಳಿ ಎಂದು ಅಪ್ಪನಿಂದಲೇ ಮತ್ತೊಮ್ಮೆ ಹೇಳಿಸಿದರು. ಅಜ್ಜಿ ಸೂಜಿಗೆ ಒಪ್ಪಿದಳು. ನನಗೂ ಹೆಮ್ಮೆಯಾಯಿತು, ಸುಳ್ಳು ಯಾಕೆ ಹೇಳಲಿ.

ಮೂರನೆಯ ಸೂಜಿಯ ದಿನ ಶಾಲೆಯಲ್ಲಿ ಪರೀಕ್ಷೆ ಇತ್ತು. ನೀವಿಬ್ಬರೇ ಹೋಗಿ ಬನ್ನಿ ಎಂದೆ. ಸಂಜೆ ಫೋನು ಮಾಡಿ ಸೂಜಿ ಆಯಿತೇ ಎಂದು ಕೇಳಿದರೆ ಅಪ್ಪ, "ಎಲ್ಲಾ ಬರೋಬ್ಬರಿ ಅದವ್ವ, ಕಣ್ಣು ಛಲೋ ಕಾಣಾಕತ್ತದ" ಎಂದ. ಅವ್ವನನ್ನು ಕೇಳಿದರೆ ಅವಳೂ "ಹೂಂ" ಎಂದಳು. ದಿನವಿಡೀ ಉತ್ತರಪತ್ರಿಕೆಗಳ ನಡುವೆ ಕೂತು ತಲೆ ಕೆಟ್ಟಿತ್ತು, ನಾನೂ ಹೆಚ್ಚು ಕೆದಕಲಿಲ್ಲ.

ಆಮೇಲೆ ಕೆಲವು ವಾರಗಳಿಗೆ, ಬೆಳಿಗ್ಗೆ ಎರಡನೆಯ ಪಿರಿಯಡ್ ನಡೆದಿರುವಾಗ ಮೈಬೂಬನ ಫೋನು. ಅಪ್ಪ ಅವ್ವ ಇಬ್ಬರನ್ನೂ ಟೆಂಪೋದಲ್ಲಿ ಕೂಡಿಸಿಕೊಂಡು ಕಲಬುರಗಿಗೆ ಹೊರಟಿದ್ದ. "ಟೀಚರ್, ಮಾಮು ಗೊನಿ ನೋಡ್ಕೊಂತ ನಿಂತಿದ್ದ. ‘ಮೈಬೂಬ, ತ್ವಾಟದಾಗ ಯಾರ ಹೊಗಿ ಹಾಕ್ಯಾರ?’ ಅಂತ ಕೇಳ್ದ. ಹೊಗಿ ಎಲ್ಲೂ ಇರಲಿಲ್ಲ ಟೀಚರ್. ನಾ ಇಲ್ಲ ಅಂದೆ. ಅಷ್ಟಕ್ಕ ಅಂವ ಅಲ್ಲೇ ಕುಂತುಬಿಟ್ಟ." ಹೆಡ್‌ಮಾಸ್ತರರಿಗೆ ಏನು ಹೇಳಿ ಹೊರಬಿದ್ದೆನೋ ನೆನಪಿಲ್ಲ.

ದವಾಖಾನೆಯಲ್ಲಿ ಅಪ್ಪ ಬಲಗಣ್ಣನ್ನು ಅಂಗೈಯಿಂದ ಒರೆಸಿಕೊಳ್ಳುತ್ತಲೇ ಇದ್ದ, ಒರೆಸಿದರೆ ಹೋಗುತ್ತದೆ ಎನ್ನುವ ಹಾಗೆ. ರಂಜನಾ ಬಾಯಿಯವರು ಬೆಳಕು ಬಿಟ್ಟು ಬಹಳ ಹೊತ್ತು ನೋಡಿದರು. ಹೊಸ ನಾಳವೊಂದು ಒಡೆದಿತ್ತು, ಕಣ್ಣಿನೊಳಗೆ ರಕ್ತ ತುಂಬಿತ್ತು. "ಕಾಕಾ, ಹೋದ ಸಲ ಸೂಜಿಗೆ ಯಾಕ ಬರಲಿಲ್ಲ?" ಎಂದು ಕೇಳಿದರು.

ಬರಲಿಲ್ಲವೇ? ನಾನು ಅವ್ವನ ಮುಖ ನೋಡಿದೆ. ಅವಳು ನೆಲ ನೋಡಿದಳು.

ಅಪ್ಪ ತಾನೇ ಹೇಳಿದ. "ಮರಿ ಬಿಡೂ ಹಂಗಾಮು ಬಂದಿತ್ರಿ ಬಾಯಾರ. ತ್ವಾಟದಾಗ ಮರಿ ಕಡಕೊಂತ ಹೊಂಟಿದ್ದೆ. ಎಲ್ಲಾ ಕಡದು ಒಂದು ಬಿಡಬೇಕು. ತಾಯಿಗಿಡ ಗೊನಿ ಕೊಟ್ಟು ಸಾಯ್ತದ, ಆ ಒಂದ ಮರಿ ಮುಂದಿನ ಬೆಳಿ. ಅದನ್ನೂ ಕಡದ್ರ ತ್ವಾಟ ಖಾಲಿ. ಆಗ ತಲ್ಯಾಗ ಬಂತು. ಕಣ್ಣಾಗ ಎರಡು ಸಲ ಕಡಸೀನಿ. ಹಳೇ ನಾಳ ಮೊದಲ ರೋಗಿಷ್ಟ, ಇಂದಲ್ಲ ನಾಳೆ ಸಾಯ್ತಾವ. ಹೊಸಾವೂ ಪೂರಾ ಕಡದ್ರ ಮುಂದ ಈ ಕಣ್ಣಿಗೆ ನೀರು ಕೊಡಾವ್ರ ಯಾರು? ಅದಕ್ಕ ಒಂದು ಸಲ ಬಿಟ್ಟೆ. ಒಂದರ ಇರ್ಲಿ ಅಂತ."

ಬಾಳೆ ತೋಟದಲ್ಲಿ ಇದರಷ್ಟು ಸರಿಯಾದ ಮಾತು ಬೇರೊಂದಿಲ್ಲ. ನನಗೆ ಮೈಯೆಲ್ಲ ಉರಿಯಿತು. "ಬುದ್ಧ ವಿಚಾರ ಮಾಡು ಅಂದ, ಒಬ್ಬನ ತಲ್ಯಾಗ ಮಾಡು ಅಂದಿಲ್ಲಪ್ಪ! ಜಗತ್ತಿನ ಎಲ್ಲಾರಿಗೂ ಪ್ರಶ್ನಾ ಕೇಳ್ತಿ, ಇದೊಂದ ಕೇಳಾಕ ಬಾಯಿ ಬಿದ್ದಿತ್ತೇನು?" ಎಂದು ದವಾಖಾನೆ ಎಂಬುದನ್ನೂ ಮರೆತು ಕೂಗಾಡಿದೆ. ಅವ್ವನ ಮೇಲೂ ಹಾಯ್ದೆ. "ಅಂವ ಹೇಳಿದ್ದು ನನಗೂ ಖರೆ ಅನ್ನಿಸ್ತು" ಎಂದಳು ಅವ್ವ, ಅಷ್ಟೇ. ಅವಳೂ ಹುಟ್ಟಿದಾಗಿನಿಂದ ಬಾಳೆ ನೋಡಿದವಳು. ಅಪ್ಪ ತುಟಿ ಪಿಟಕ್ಕೆನ್ನಲಿಲ್ಲ. ಅವನು ಸುಮ್ಮನಿದ್ದದ್ದನ್ನು ನಾನು ಆವತ್ತೇ ಮೊದಲ ಸಲ ನೋಡಿದ್ದು, ನನ್ನ ಸಿಟ್ಟು ಅಲ್ಲಿಗೆ ಇಳಿದುಹೋಯಿತು.

ರಂಜನಾ ಬಾಯಿಯವರು ಸ್ಟೂಲು ಎಳೆದುಕೊಂಡು ಅಪ್ಪನ ಮೊಣಕಾಲಿಗೆ ಮೊಣಕಾಲು ತಾಗುವಷ್ಟು ಹತ್ತಿರ ಕೂತರು. "ಬಾಳಿ ಮಾತು ನನಗೂ ಛಲೋ ಅನ್ನಿಸಿತ್ತು ಕಾಕಾ. ಅದು ಎಲ್ಲೀತನಕ ಖರೆ, ಎಲ್ಲಿಂದ ಖರೆ ಅಲ್ಲ ಅಂತ ಅವತ್ತ ಹೇಳಬೇಕಿತ್ತು. ಈಗ ಕೇಳ್ರಿ. ನಿಮ್ಮ ಕಣ್ಣಿನ ಹಳೇ ದೊಡ್ಡ ನಾಳ ತಾಯಿಗಿಡದಂಗ ಸಾಯೂವಲ್ಲ. ನಡುವಿನ ಭಾಗಕ್ಕ ಇವತ್ತಿಗೂ ಅವೇ ನೀರು ಕೊಡಾಕತ್ತಾವ. ಸೂಜಿ ಅವನ್ನ ಕಡಿಯಂಗಿಲ್ಲ. ಇನ್ನ ಈ ಹೊಸಾವು. ಬಾಳಿ ಮರಿಗೆ ಗಡ್ಡಿ ಇರ್ತದ, ಬೇರು ಇರ್ತದ. ಇವು ಪರದಾ ಬಿಟ್ಟು ಕಣ್ಣಿನ ಟೊಳ್ಳಿನಾಗ ಬೆಳೀತಾವ. ಹಸಿದವರ ಮನಿಗೆ ಹೋಗಿ ಮುಟ್ಟಂಗೇ ಇಲ್ಲ."

"ಅಂದ್ರ ಕರದಾವ್ರಿಗೆ ಊಟ ಸಿಗಲೇ ಇಲ್ಲ?"

"ಇಲ್ಲ. ಅದಕ್ಕ ಅವು ಕರಿಯೂದು ನಿಲ್ಲಸಂಗಿಲ್ಲ."

ಅಪ್ಪ ಕಣ್ಣು ಮುಚ್ಚಿಕೊಂಡು ತಲೆ ಅಲ್ಲಾಡಿಸಿದ. ಆ ಹೊತ್ತಿನಲ್ಲೂ ಅವನು ಅದನ್ನು ಒಳಗೆ ತಿರುವಿ ಹಾಕಿ ನೋಡುತ್ತಿದ್ದ ಎಂಬುದು ನನಗೆ ಗೊತ್ತು.

ಅವತ್ತೇ ಸೂಜಿ ಆಯಿತು. ರಕ್ತ ತಾನಾಗಿ ಕೆಳಗಿಳಿಯಬೇಕು, ತಲೆ ಎತ್ತರಿಸಿಕೊಂಡೇ ಇರಬೇಕು ಎಂದರು. ಅಪ್ಪ ಜೇವರ್ಗಿ ಕಾಲೋನಿಯ ನಮ್ಮ ಮನೆಯಲ್ಲಿ ತಲೆದಿಂಬು ಪೇರಿಸಿಕೊಂಡು ಕೂತ. ಕಣ್ಣು ಕಾಣದ ಮನುಷ್ಯನಿಗೆ ಕಿವಿಯೇ ಎಲ್ಲ. ಪಕ್ಕದ ಮನೆಯ ಟ್ಯೂಷನ್ ಮಕ್ಕಳು ಮಗ್ಗಿ ಹೇಳುವುದನ್ನು ಕೇಳಿ ತಪ್ಪಾದಲ್ಲಿ ಇಲ್ಲಿಂದಲೇ ತಿದ್ದುತ್ತಿದ್ದ. ದಿನಾ ಬೆಳಿಗ್ಗೆ ಕಿಟಕಿಯ ಕಡೆ ಮುಖ ಮಾಡಿ ಏನು ಕಾಣುತ್ತದೆಂದು ಹೇಳುತ್ತಿದ್ದ. ಮೊದಲು ಬರೀ ಕರಿ. ಆಮೇಲೆ ಕಂದು. ಆಮೇಲೊಂದು ದಿನ "ಮ್ಯಾಲಿನ ಅರ್ಧ ತಿಳಿ ಆಗ್ಯದ, ಫ್ಯಾನು ತಿರಗಾಕತ್ತದ" ಎಂದ. ಅವ್ವ ಅಡಿಗೆಮನೆಯಿಂದ ಓಡಿಬಂದು ತಾನೂ ಫ್ಯಾನು ನೋಡಿದಳು.

ರಕ್ತ ಸಾಕಷ್ಟು ಇಳಿದ ಮೇಲೆ ರಂಜನಾ ಬಾಯಿಯವರು ಇನ್ನೊಂದು ಮಾತು ಹೇಳಿದರು. ಬರೀ ಸೂಜಿಯನ್ನೇ ನಂಬಿದರೆ ಒಂದು ಸಲ ತಪ್ಪಿದರೂ ಮತ್ತೆ ಹೀಗೇ ಆಗುತ್ತದೆ. ಆದ್ದರಿಂದ ಲೇಸರ್ ಬೆಳಕಿನಿಂದ ಪರದೆಯ ಅಂಚಿನ ಹಸಿದ ಭಾಗವನ್ನು ಸುಟ್ಟುಬಿಡಬೇಕು. ಸುಟ್ಟ ಭಾಗ ನಿರೋಪ ಕಳಿಸುವುದಿಲ್ಲ, ಹೊಸ ನಾಳ ಒಣಗುತ್ತವೆ, ನಡುವಿನ ನೋಟ ಉಳಿಯುತ್ತದೆ.

"ಹಸಿದಾವ್ರನ್ನ ಸುಡೂದಾ?" ಅಪ್ಪನ ದನಿ ಬದಲಾಯಿತು. "ಹಸಿದೀನಿ ಅಂತ ಕೂಗಿದ್ದ ತಪ್ಪಾತೇನ್ರಿ? ಊಟ ಕೊಡೂದು ಬಿಟ್ಟು ಸುಡೂದಂದ್ರ, ಇಲಿ ಬಂದಾವಂತ ಮನಿಗೇ ಬೆಂಕಿ ಹಚ್ಚಿದಂಗಾತಲ್ಲ!"

ಅಪ್ಪ ಚಿಕ್ಕಂದಿನಲ್ಲಿ ಹಸಿವನ್ನು ಕಂಡವನು. ಆ ಮಾತನ್ನು ನಮಗೆ ಅವನು ಎಂದೂ ಹೇಳಿಲ್ಲ, ಅವನ ಅವ್ವ, ನಮ್ಮ ಅಜ್ಜಿಯ ಬಾಯಿಂದ ನಾನು ಕೇಳಿದ್ದೇನೆ. ರಂಜನಾ ಬಾಯಿಯವರಿಗೆ ಅದು ಗೊತ್ತಿರಲಿಲ್ಲ, ಆದರೂ ಅವರು ಅವಸರ ಮಾಡಲಿಲ್ಲ. "ಊಟ ಮುಟ್ಟಸೂ ದಾರಿ ಇದ್ದಿದ್ರ ಅದನ್ನ ಮಾಡ್ತಿದ್ದೆ ಕಾಕಾ. ಮುಚ್ಚಿಹೋದ ನಾಳ ತೆರಿಯೂದು ಇನ್ನೂ ಯಾರಿಗೂ ಬಂದಿಲ್ಲ. ಬಂದಿದ್ರ ನಿಮಗ ಮೊದಲು ಹೇಳ್ತಿದ್ದೆ."

"ಸುಟ್ಟ ಮ್ಯಾಲ ಏನ ಹೋಗ್ತದ?"

ಅವರು ತಮ್ಮ ಎರಡೂ ಅಂಗೈಗಳನ್ನು ಅಪ್ಪನ ಕಪಾಳಗಳ ಪಕ್ಕ ಹಿಡಿದರು. "ಆಜೂಬಾಜೂದ್ದು ಕಡಿಮಿ ಆಗ್ತದ. ಕತ್ತಲಾಗಿನದೂ. ಎಷ್ಟು ಅಂತ ಈಗ ಹೇಳಾಕಾಗಂಗಿಲ್ಲ. ಎದುರಿಗಿದ್ದದ್ದು ಉಳಸಾಕ ನೋಡ್ತೀನಿ."

"ಗೊನಿ ಕಾಣ್ತದ?"

"ಎದುರಿಗೆ ನಿಂತು ನೋಡಿದ್ರ ಕಾಣಬೇಕು."

ಅಪ್ಪ ಒಂದು ದಿನ ಪುರಸೊತ್ತು ಕೇಳಿ ಮನೆಗೆ ಬಂದ. ಮಧ್ಯಾಹ್ನ ಊಟಕ್ಕೂ ಸರಿಯಾಗಿ ಕೂಡಲಿಲ್ಲ. ಸಂಜೆ ನನ್ನನ್ನು ಕರೆದು, "ಕರಿಯೂ ಭಾಗಕ್ಕ ತಾ ಕರದದ್ದು ಯಾರಿಗೂ ಮುಟ್ಟಿಲ್ಲ ಅಂತ ಗೊತ್ತಾಗ್ತದೇನವ್ವ?" ಎಂದು ಕೇಳಿದ. ಇಲ್ಲಪ್ಪ, ಅದಕ್ಕೆ ಹಾಗೆಲ್ಲ ತಿಳಿಯುವುದಿಲ್ಲ ಎಂದೆ. "ನೋವು?" ಅದೂ ಇಲ್ಲ ಎಂದೆ. "ಹಂಗಾರ ಸುಡಸೂಣು" ಎಂದ. ಅವ್ವ ನಿಟ್ಟುಸಿರು ಬಿಟ್ಟು ಚಹಾ ಇಡಲು ಎದ್ದಳು. ಸಕ್ಕರೆ ಹಾಕಲಿಲ್ಲ, ಅವನೂ ಕೇಳಲಿಲ್ಲ.

ಲೇಸರ್ ಹಲವು ಕಂತುಗಳಲ್ಲಿ ಮುಗಿಯಿತು, ನಡುನಡುವೆ ಸೂಜಿಯೂ. ಈಗ ಅಪ್ಪನಿಗೆ ದವಾಖಾನೆಯ ಅಕ್ಷರದ ಚಾರ್ಟಿನ ಕೊನೆಯ ಸಾಲು ಕಾಣುವುದಿಲ್ಲ, ಅದರ ಮೇಲಿನದು ಕಾಣುತ್ತದೆ. ಕೆಲವರಿಗೆ ಬದಿಯ ನೋಟ ಸ್ವಲ್ಪವೇ ಹೋಗುತ್ತದಂತೆ. ಅಪ್ಪನಿಗೆ ಹೆಚ್ಚೇ ಹೋಯಿತು. ಪಕ್ಕದಲ್ಲಿಟ್ಟ ನೀರಿನ ತಂಬಿಗೆಗೆ ಕಾಲು ತಾಗುತ್ತದೆ, ಬಾಗಿಲ ಚೌಕಟ್ಟಿಗೆ ಭುಜ ಬಡಿಯುತ್ತದೆ. ಆದರೆ ಊರಿಗೆ ಮರಳಿದ ಮೊದಲ ದಿನವೇ ತೋಟಕ್ಕೆ ಹೋಗಿ ಒಂದು ಗೊನೆಯ ಎದುರು ನೆಟ್ಟಗೆ ನಿಂತ. ಕಾಯಿ ಕಾಯಿಯನ್ನೂ ನೋಡಿದ. ಮೈಬೂಬ ಕಾಯುತ್ತಿದ್ದ. "ಒಂದು ವಾರ ಬಿಟ್ಟು ಬಾ" ಎಂದ ಅಪ್ಪ. ಮೈಬೂಬ ಟೆಂಪೋ ತಿರುಗಿಸಿದ, ವಾರ ಬಿಟ್ಟು ಬಂದ, ಹಣ್ಣು ಅಪ್ಪ ಹೇಳಿದ ಹಾಗೇ ಆಗಿತ್ತು.

ಹೋದ ತಿಂಗಳು ಸಂತೆಯ ದಿನ ನಾನು ಕಮಲಾಪುರದಲ್ಲಿದ್ದೆ. ಮೂವರೂ ಸಂತೆ ಮುಗಿಸಿ ಬಸ್‌ಸ್ಟ್ಯಾಂಡಿನ ಕಡೆ ಹೊರಟಿದ್ದೆವು, ನನ್ನನ್ನು ಬಸ್ಸಿಗೆ ಹತ್ತಿಸುವವರಿದ್ದರು. ಗದ್ದಲವೋ ಗದ್ದಲ. ಅವ್ವ ಚೀಲ ಹೊತ್ತು ಮುಂದೆ, ಅಪ್ಪ ಅವಳ ಹಿಂದೆ, ನಾನು ಇನ್ನೂ ಹಿಂದೆ. ಚಹಾದಂಗಡಿಯ ಬೆಂಚಿನ ಮೇಲೆ ಕೂತಿದ್ದ ಪೀರಪ್ಪ, ಅಪ್ಪನ ಸಣ್ಣಂದಿನ ಗೆಳೆಯ, ನಾಲ್ಕು ಮಂದಿಗೆ ಕೇಳುವ ಹಾಗೆ ಕೂಗಿದ: "ಏ ಯಂಕ್ಯಾ! ಹೆಂಡ್ತೀನ ಮುಂದ ಬಿಟ್ಟು ಬಾಲದಂಗ ಹಿಂದ ಹೊಂಟೀಯಲ್ಲೋ! ಮನಿ ಕಾರಭಾರ ಬದಲಾತೇನು?" ಬೆಂಚಿನವರೆಲ್ಲ ನಕ್ಕರು.

ಅಪ್ಪ ನಿಂತ. ಪೀರಪ್ಪನನ್ನು ನೋಡಲು ಅವನು ಇಡೀ ಮೈ ತಿರುಗಿಸಬೇಕಾಯಿತು. "ಆಕಿ ಬಾಜೂಕ ನಡದ್ರ ನನಗ ಕಾಣಂಗಿಲ್ಲೋ ಪೀರ್ಯಾ. ಇನ್ನ ಉಳದದ್ದು ಎದುರಿಂದಷ್ಟ. ಅದರಾಗ ಆಕಿ ಇರಲಿ ಅಂತ ಹಿಂದ ಹೊಂಟೀನಿ."

ಅವ್ವ ಹಿಂದಿರುಗಿ ನೋಡಲೂ ಇಲ್ಲ. "ಬಾ ಜಲ್ದಿ, ಬಸ್ಸು ಹೋಗ್ತದ" ಎಂದಳು ಜೋರಾಗಿ, ಮತ್ತು ನಡಿಗೆಯನ್ನು ನಿಧಾನ ಮಾಡಿದಳು.